ಕೊರಳಿಗೆ ಸುತ್ತಿದ ಹಗ್ಗ

ನನಗೊಂದು ಚಿಂತೆ ಇದೆ, ಡೈರಿಗೆ ಹೇಳಿಕೊಳ್ಳಲೂ ನಾಚಿಕೆಯಾಗುವಷ್ಟು ಸಣ್ಣದು. ಯಾರಾದರೂ ನನ್ನ ಹೆಸರು ಹಿಡಿದು ಕರೆದರೆ ಗಂಟಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಅದು ತೆರೆದುಕೊಂಡಾಗ ಹೊರಬೀಳುವುದು ಒಂದೇ ಮಾತು: ‘ನನಗ ಗೊತ್ತಿಲ್ರಿ.’ ಗೊತ್ತಿದ್ದರೂ ಅದೇ. ಗೋಕಾಕದ ಕಾಲೇಜಿನಲ್ಲಿ ಬಿ.ಎ. ಮುಗಿಸುವವರೆಗೂ ನನ್ನ ಹಾಜರಿಯನ್ನು ಹೆಚ್ಚಾಗಿ ಪಕ್ಕದವರೇ ಕೂಗಿದ್ದು.

“ಅನ್ನಪೂರ್ಣಾ ಅಂದ್ರ ಯಾರು?”

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಅನ್ನಪೂರ್ಣಾ ಯಾರಾದರೂ ಇರಬಹುದೆಂದು.

“ಮೈಕಿನ ಹುಡಿಗಿ ನೀನೇ ಹೌದಲ್ಲ? ಬಾ ಇಲ್ಲಿ.”

ಹುಕ್ಕೇರಿಯಿಂದ ಬಂದಿದ್ದ ಪಿಎಸ್‌ಐ ಶೋಭಾ ಮೇಡಂ ಸುಟ್ಟ ನೆಲದ ಮಧ್ಯೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಹುರಿದ ಶೇಂಗಾ. ಇನ್ನೊಂದರಲ್ಲಿ ಆಗಷ್ಟೇ ನೆಲದಿಂದ ಕಿತ್ತ ದನದ ಗೂಟ. ಅದರ ಮೇಲ್ತುದಿ ಇದ್ದಿಲಾಗಿತ್ತು, ಮಣ್ಣಿನಲ್ಲಿ ಹುದುಗಿದ್ದ ಭಾಗ ಮಾತ್ರ ಹಸಿ ಕಟ್ಟಿಗೆಯಂತೆ ಬೆಳ್ಳಗಿತ್ತು.

ಮೊನ್ನೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಶೆಡ್ಡುಗಳ ಒಂದು ಸಾಲಿನ ಅರ್ಧ ಇಲ್ಲೇ ಹತ್ತಿದ ಬೆಂಕಿಯಲ್ಲಿ ಹೋಯಿತು. ಪಕ್ಕದ ಶೆಡ್ಡಿನ ಮುದುಕಿ ಮುದಕವ್ವ ಬೆನ್ನು ಸುಟ್ಟುಕೊಂಡು ಗೋಕಾಕದ ದವಾಖಾನೆಯಲ್ಲಿ ಬೋರಲು ಮಲಗಿದ್ದಾಳೆ. ಅವ್ವ ಅವಳ ಜೊತೆಗಿದ್ದಾಳೆ.

“ಇದರಾಗ ಏನ ಕಾಣಸ್ತೈತಿ?” ಮೇಡಂ ಗೂಟವನ್ನು ನನ್ನ ಮುಖದ ಮುಂದೆ ಹಿಡಿದರು.

“ಗೂಟ ರೀ.”

“ಗೂಟ ಅಂತ ನನಗೂ ಗೊತ್ತೈತಿ. ಏನ ಕಾಣಸವಲ್ದು, ಅದನ್ನ ಹೇಳು.”

ನನಗೆ ಗೊತ್ತಿತ್ತು. “ಗೊತ್ತಿಲ್ರಿ,” ಅಂದೆ.

“ಹಗ್ಗ!” ಅವರು ಎದ್ದು ನಿಂತರು. “ದನಾ ಹೆದರಿ ಹರಕೊಂಡು ಹೋಗಿದ್ರ ಗೂಟಕ್ಕ ಗಂಟ ಉಳೀತಿತ್ತು. ಕುಡಗೋಲಲೆ ಕೊಯ್ದಿದ್ರೂ ಉಳೀತಿತ್ತು. ಸುಟ್ಟು ಕರ್ರಗಾಗಿ ಆದ್ರೂ ಅಲ್ಲೇ ಇರತಿತ್ತು. ಇಲ್ಲಿ ಒಂದ ಗೂಟಕ್ಕೂ ಗಂಟಿಲ್ಲ. ಯಾರೋ ಕುಂತು ಒಂದೊಂದ ಬಿಚ್ಚ್ಯಾರ, ಸಾವಕಾಶ. ಇಷ್ಟೂ ದನಾ ಬಿಚ್ಚಾಕ ಎಷ್ಟ ಹೊತ್ತ ಬೇಕು?”

ಸುತ್ತ ಜನ ಸೇರತೊಡಗಿದ್ದರು.

“ಬೆಂಕಿ ಅಂತ ಮೊದಲ ಒದರಿದಾವರು ಯಾರು?”

“ನಾವ ರೀ, ಟ್ಯಾಂಕರ್ ಹತ್ರ ನಿಂತವರು,” ಮಾಲಿಂಗಪ್ಪ ಕಾಕಾ ಹೇಳಿದರು. ನಮ್ಮ ಶೆಡ್ಡುಗಳ ಕಮಿಟಿಗೆ ಅವರೇ ಹಿರಿಯರು. “ನೀರಿನ ಟ್ಯಾಂಕರ್ ಬಂದಿತ್ತು, ಎಲ್ಲಾರೂ ಕೊಡಾ ತಗೊಂಡು ರೋಡಿಗೆ ಹೋಗಿದ್ವಿ. ಈ ಕಡೆ ತಿರುಗಿ ನೋಡೂದ್ರಾಗ ಉರಿ ತಗಡಿನ ಮ್ಯಾಲೆ ಬಂದಿತ್ತು.”

“ಅಂದ್ರ ನೀವು ಒದರೂಕಿಂತ ಮೊದಲ ಇಲ್ಲಿ ಒಬ್ರು ಇದ್ರು. ದನಾ ಬಿಚ್ಚಿದ್ರು. ಒದರಲಿಲ್ಲ. ಯಾಕ?” ಮೇಡಂ ಒಂದು ಶೇಂಗಾ ಬಾಯಿಗೆ ಎಸೆದುಕೊಂಡರು. “ಬೆಂಕಿ ಬರತೈತಿ ಅಂತ ಅವರಿಗೆ ಮೊದಲ ಗೊತ್ತಿತ್ತು.”

ಬಿಚ್ಚಿದವರು ಯಾರೆಂದು ನನಗೆ ನಿನ್ನೆ ಬೆಳಿಗ್ಗೆಯೇ ಗೊತ್ತಾಗಿತ್ತು.

ದನಗಳು ಇಲ್ಲಿ ಇರಲೇಬಾರದಿತ್ತು, ಅದನ್ನೂ ಹೇಳಬೇಕು.

ಘಟಪ್ರಭೆ ಊರೊಳಗೆ ನುಗ್ಗಿದ ಮೇಲೆ ಘೋಡಗೇರಿಯ ಮೇಲಿನ ಮಡ್ಡಿಯಲ್ಲಿ, ನೀರು ಏರದ ದಿಣ್ಣೆಯಲ್ಲಿ, ನಮಗೆ ತಗಡಿನ ಶೆಡ್ಡು ಹಾಕಿಕೊಟ್ಟರು, ಎರಡು ಸಾಲು. ಆಗ ಬಂದ ಅಗ್ನಿಶಾಮಕದವರು ಎರಡು ಸಾಲಿನ ನಡುವೆ ಬಂಡಿ ಹೊರಳುವಷ್ಟು ಬಯಲು ಬಿಡಿಸಿದ್ದರು. ಒಂದು ಸಾಲಿಗೆ ಕಿಡಿ ಬಿದ್ದರೆ ಇನ್ನೊಂದು ಉಳಿಯಲಿ ಎಂದು. ನೀರು ತುಂಬಿದ ಬ್ಯಾರಲ್ಲು, ಉಸುಕಿನ ಬಕೀಟು ಇಡಿಸಿದ್ದರು. ಶೆಡ್ಡಿನೊಳಗೆ ಒಲೆ ಬೇಡ, ಕಂಬದಿಂದ ತಂತಿ ಎಳೆಯಬೇಡಿ, ಬಯಲಲ್ಲಿ ಏನೂ ಒಟ್ಟಬೇಡಿ ಎಂದು ಹೇಳಿ ಹೋಗಿದ್ದರು. ದಿನಾ ಸಂಜೆ ಅದನ್ನೇ ಮೈಕಿನಲ್ಲಿ ಹೇಳುತ್ತ ತಿರುಗುವ ಕೆಲಸ ನನಗೆ ಬಂತು, ಡಿಗ್ರಿ ಆದವಳು ಎಂಬ ಕಾರಣಕ್ಕೆ.

“ಮೈಕಿಗೇ ಗಂಟಲಾ ಐತಿ, ನಿನಗಿಲ್ಲವಾ ಅನ್ನಪೂರ್ಣಾ. ಅದು ನಿನ್ನ ಕೈಯಾಗಿಲ್ಲ, ಅದರ ಕೈಯಾಗ ನೀ ಅದಿ,” ಎಂದು ನಮ್ಮ ಸಾಲಿನ ಸುಂದ್ರವ್ವ ನಗುತ್ತಿದ್ದಳು.

ದನ ಕಟ್ಟಲು ಕಾಲುವೆಯ ಆಚೆ ಬೇರೆ ಜಾಗ ತೋರಿಸಿದ್ದರು. ಒಬ್ಬರೂ ಅಲ್ಲಿ ಕಟ್ಟಲಿಲ್ಲ. ನೀರು ಬಂದ ಬೆಳಿಗ್ಗೆ ನಾವೆಲ್ಲ ದನಗಳನ್ನು ಗೂಟದಲ್ಲೇ ಬಿಟ್ಟು ಓಡಿದವರು. ಅಪ್ಪ ಅಜ್ಜಿಯನ್ನು ಹೆಗಲ ಮೇಲೆ ಹೊತ್ತು ದೋಣಿಯವರೆಗೆ ತಂದ. ಎತ್ತು ಬಿಚ್ಚಿ ಬರುತ್ತೇನೆಂದರೆ ದೋಣಿಯವರು ಬಿಡಲಿಲ್ಲ. ನೀರಿಳಿದ ಮೇಲೆ ಹೋಗಿ ನೋಡಿದಾಗ ಎರಡೂ ಎತ್ತು ಕಟ್ಟಿದಲ್ಲೇ ಇದ್ದವು, ಹಗ್ಗ ಜಗ್ಗಿದ ಕಡೆಗೆ ಕತ್ತು ಚಾಚಿಕೊಂಡು.

ಈ ಮಡ್ಡಿಯಲ್ಲಿ ಅಂಥದ್ದೊಂದನ್ನು ನೋಡದ ಮನೆಯಿಲ್ಲ. ಆದ್ದರಿಂದ ಉಳಿದ ದನ, ಆಮೇಲೆ ತಂದ ದನ, ಎಲ್ಲವನ್ನೂ ಕೈಗೆ ಸಿಗುವಷ್ಟು ಹತ್ತಿರ, ಆ ಬಯಲಲ್ಲೇ ಕಟ್ಟಿದರು. ದನ ಬಂದ ಮೇಲೆ ಕಣಿಕಿ ಬಂತು. ಜೋಳದ ಒಣ ದಂಟು ಶೆಡ್ಡಿನ ಎತ್ತರಕ್ಕೆ ಎದ್ದಿತು. ಬೆಂಕಿಗೆಂದು ಇಟ್ಟ ಬ್ಯಾರಲ್ಲಿನ ನೀರನ್ನು ದನ ಕುಡಿದವು. ನಾನು ಮೈಕಿನಲ್ಲಿ ಹೇಳುತ್ತಲೇ ಇದ್ದೆ, ಅವು ಕಿವಿ ಅಲುಗಾಡಿಸುತ್ತ ಕೇಳುತ್ತಲೇ ಇದ್ದವು.

“ಮೇಡಮ್ಮಾರ, ನಾ ಒಂದ ಮಾತ ಹೇಳ್ಲೇನ್ರಿ?”

ಜನರ ನಡುವಿನಿಂದ ದುಂಡೇಶ ಮುಂದೆ ಬಂದ. ಕಣಿಕಿಯ ದೊಡ್ಡ ಒಟ್ಟು ಅವನದೇ. ಶೆಡ್ಡಿನಲ್ಲಿ ಮೊಬೈಲು ಚಾರ್ಜು ಮಾಡಿಕೊಡುತ್ತಾನೆ, ಒಂದು ಎಮ್ಮೆ ಇಟ್ಟುಕೊಂಡು ಹಾಲು ಹಾಕುತ್ತಾನೆ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ಅಂದಿನಿಂದ ಇಸ್ತ್ರಿ ಇಲ್ಲದ ಅಂಗಿ, ಆದರೂ ಮೇಲಿನ ಗುಂಡಿ ಹಾಕಿರುತ್ತಾನೆ.

“ಸುಂದ್ರವ್ವನ ಆಕಳ ಎಲ್ಲಿ ಸಿಕ್ತು ಕೇಳ್ರಿ. ಎಲ್ಲಾ ದನಾ ಇಲ್ಲೇ ಕಬ್ಬಿನ ಹೊಲದ ಬಾಜೂಕ ಸಿಕ್ಕಾವು. ಆಕಿ ಆಕಳ ಮಾತ್ರ ಕಾಲುವಿ ದಾಟಿ ಹೋಗಿತ್ತು. ಮೊದಲ ಬಿಚ್ಚಿದ್ದಕ್ಕ ದೂರ ಹೋಗೈತಿ.”

“ಲೇ ದುಂಡ್ಯಾ!” ಸುಂದ್ರವ್ವನ ದನಿ ಹಿಂದಿನಿಂದ ಬಂತು. ಆಮೇಲೆ ಸುಂದ್ರವ್ವ ಬಂದಳು. ಗಂಡನಿಲ್ಲ, ಮಕ್ಕಳಿಲ್ಲ, ದಡ್ಡಿ ಊರಿನಲ್ಲಿದ್ದ ಅಣ್ಣನೂ ತೀರಿಕೊಂಡ. ಅವಳಿಗಿರುವುದು ಒಂದು ಶೆಡ್ಡು, ಒಂದು ಆಕಳು, ಒಂದು ಬಾಯಿ. “ನನ್ನ ಆಕಳ ದೂರ ಹೋಗೈತಿ ಅಂದ್ರ ಅದರ ಕಾಲ ಗಟ್ಟಿ ಅದಾವು. ನಿನ್ನ ಎಮ್ಮಿಗತೆ ಕುಂತಲ್ಲೇ ಕೂಡೂದಿಲ್ಲ ಅದು.”

ಯಾರೋ ನಕ್ಕರು. ದುಂಡೇಶ ನಗಲಿಲ್ಲ.

“ಬೆಂಕಿ ಬೀಳೂಕಿಂತ ಹಿಂದಿನ ದಿನಾ ಈಕಿ ಏನಂದಿದ್ಲು, ಇಲ್ಲಿ ನಿಂತವರೆಲ್ಲಾ ಕೇಳ್ಯಾರ್ರಿ. ನಿನ್ನ ಕಣಿಕಿಗೆ ಬೆಂಕಿ ಹತ್ತಲಿ ಅಂತ ನನಗ ಮಣ್ಣ ತೂರಿದ್ಲು. ಸುಳ್ಳಂದ್ರ ಸುಳ್ಳಂತ ಹೇಳ್ರಿ.”

ಯಾರೂ ಸುಳ್ಳೆನ್ನಲಿಲ್ಲ. ನಾನೂ ಕೇಳಿದ್ದೆ.

ಮೇಡಂ ಅವಳ ಕಡೆ ತಿರುಗಿದರು. “ಅಂದಿರೇನು?”

“ಅಂದೇನ್ರಿ. ನನ್ನ ಶೆಡ್ಡಿಗೆ ಹೋಗೂ ದಾರಿಗೆ ಅಡ್ಡ ಒಟ್ಟಿದ್ದ. ತಗಿಯೋ ತಮ್ಮಾ ಅಂದೆ, ತಗೀಲಿಲ್ಲ. ಬೈದೆ. ನನ್ನ ಬಾಯಾಗ ಬೆಂಕಿ ಇದ್ದಿದ್ರ ಒಲಿಗೆ ಕಟಗಿ ಯಾಕ ಆರಸತಿದ್ದೆ ರೀ?”

“ಮೊನ್ನೆ ಟ್ಯಾಂಕರ್ ಬಂದಾಗ ಎಲ್ಲಿದ್ರಿ?”

“ಹೊರಗಡಿಗೆ ಹೋಗಿದ್ದೆ.”

“ಯಾರ ಜೋಡಿ?”

“ಅದಕ್ಕೂ ಸಾಕ್ಷಿ ಕರಕೊಂಡು ಹೋಗಬೇಕಿತ್ತೇನ್ರಿ?”

ಈ ಸಲ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆದರೆ ಮೇಡಂ ಮುಖದಲ್ಲಿ ನಗುವಿರಲಿಲ್ಲ. ಅವರು ಲೆಕ್ಕ ಹಾಕುತ್ತಿದ್ದರು: ಜಗಳ ಇದೆ, ಶಾಪ ಇದೆ, ಎಲ್ಲಿದ್ದಳೆಂಬುದಕ್ಕೆ ಯಾರೂ ಇಲ್ಲ. ಬೆಂಕಿಗೆ ಮೊದಲೇ ಬಿಚ್ಚಿದ ದನ ಇದೆ.

“ನನ್ನ ಎಮ್ಮೀನೂ ಇಲ್ಲೇ ಇತ್ರಿ,” ದುಂಡೇಶನ ದನಿ ಸಣ್ಣಗಾಯಿತು. “ಇದ ಗೂಟಕ್ಕ. ಸುಟ್ಟು ಹೋಗಬೇಕಿತ್ತು. ದೇವರು ದೊಡ್ಡಾಂವ. ನಾನರ ಮೂಡಲಗಿಗೆ ಹೋಗಿದ್ದೆ ಹಿಂಡಿ ತರಾಕ. ಬಸ್ ಇಳದು ನೋಡತೇನಿ, ಎಲ್ಲಾ ಬೂದಿ.”

“ಖರೇ ರೀ,” ಮಾಲಿಂಗಪ್ಪ ಕಾಕಾ ಅಂದರು, “ಬಸ್ಸಿನಿಂದ ಇಳದದ್ದ ನಾವೆಲ್ಲಾ ನೋಡೇವಿ. ಹಿಂಡಿ ಚೀಲಾ ಹೊತ್ತಕೊಂಡ ಬೆಂಕಿ ಆರಸಾಕ ಓಡಿ ಬಂದ.”

ನಾನು ದುಂಡೇಶನನ್ನೇ ನೋಡಿದೆ. ಇದ ಗೂಟಕ್ಕ ಅನ್ನುತ್ತಿದ್ದಾನೆ. ಯಾಕೆ ಹಾಗನ್ನುತ್ತಿದ್ದಾನೆ?

ನಿನ್ನೆ ಬೆಳಿಗ್ಗೆ ಚದುರಿದ ದನಗಳನ್ನು ಹಿಡಿದು ತಂದವಳು ನಾನು. ಗಂಡಸರೆಲ್ಲ ಬಿಸಿ ತಗಡು ಎಳೆಯುವುದರಲ್ಲಿದ್ದರು, ದನಗಳಾದರೆ ನನ್ನನ್ನು ಮಾತಾಡು ಎನ್ನುವುದಿಲ್ಲ ಎಂದು ನಾನೇ ಹೊರಟಿದ್ದೆ. ಕಬ್ಬಿನ ಹೊಲದ ಬದುವಿನಲ್ಲಿ ಅವು ನಿಂತಿದ್ದವು. ಯಾವುದರ ಹಗ್ಗವೂ ನೆಲಕ್ಕೆ ತಾಗಿರಲಿಲ್ಲ. ಎಲ್ಲದರ ಹಗ್ಗವೂ ಕೊರಳಿಗೆ ಸುತ್ತಿತ್ತು. ಎರಡು ಸುತ್ತು, ತುದಿಯನ್ನು ಕೆಳಗಿನಿಂದ ತೂರಿಸಿ ಎಡಗಿವಿಯ ಕೆಳಗೆ ಸಿಕ್ಕಿಸಿದ್ದು.

ನಾನು ಒಂದೊಂದನ್ನೇ ಬಿಚ್ಚಿ, ಹಗ್ಗ ಕೈಗೆ ತೆಗೆದುಕೊಂಡು ನಡೆಸಿಕೊಂಡು ಬಂದೆ. ಚಿಕ್ಕಂದಿನಿಂದ ಬಿಚ್ಚಿ ಅಭ್ಯಾಸವಾದ ಸುತ್ತು, ಕೈಗೆ ಕಣ್ಣು ಬೇಕಿರಲಿಲ್ಲ. ಕೊನೆಗೆ ಸುಂದ್ರವ್ವನ ಆಕಳಿನ ಹಗ್ಗ ಬಿಚ್ಚುವಾಗ ಅದು ಯಾರ ಸುತ್ತು ಎಂದು ಹೊಳೆಯಿತು.

ಊರಿನಲ್ಲಿ ಬೇರೆಯವರು ದನ ಮೇಯಲು ಬಿಡುವಾಗ ಹಗ್ಗವನ್ನು ಬೆನ್ನ ಮೇಲೆ ಎಸೆಯುತ್ತಾರೆ. ಹೀಗೆ ಕಿವಿಯ ಕೆಳಗೆ ಸಿಕ್ಕಿಸುವವನು ನನ್ನಪ್ಪ ಸತ್ತೆಪ್ಪ ಒಬ್ಬನೇ. ‘ಓಡೂವಾಗ ಕಾಲಾಗ ಸಿಗಬಾರದು’ ಎಂದು ನನಗೂ ಕಲಿಸಿದ್ದ.

ಅಪ್ಪನಿಗೆ ಈಗ ದನವಿಲ್ಲ. ಎತ್ತು ಹೋದ ಮೇಲೆ ಮತ್ತೆ ತರಲಿಲ್ಲ. ಆದರೂ ಸಂಜೆಯಾದರೆ ಬೇರೆಯವರ ದನಗಳ ನಡುವೆ ತಿರುಗುತ್ತ, ಗಂಟುಗಳನ್ನು ಮುಟ್ಟಿ ನೋಡುತ್ತಿರುತ್ತಾನೆ. ಮೇಡಂ ಬೆಳಗಿನಿಂದ ದನ ಇದ್ದವರನ್ನೆಲ್ಲ ವಿಚಾರಿಸಿದರು. ದನ ಇಲ್ಲದವನನ್ನು ಯಾರು ಕೇಳುತ್ತಾರೆ?

ಇನ್ನೊಂದಿದೆ. ದುಂಡೇಶನ ಎಮ್ಮೆ.

ಅದು ಉಳಿದ ದನಗಳ ಜೊತೆ ಇರಲಿಲ್ಲ. ಸುಂದ್ರವ್ವನ ಆಕಳನ್ನು ಹುಡುಕುತ್ತ ಕಾಲುವೆ ದಾಟಿದಾಗ ಸಿಕ್ಕಿತು. ಅದರ ಕೊರಳಿಗೆ ಸುತ್ತು ಇರಲಿಲ್ಲ. ಜಾಲಿ ಗಿಡದ ಬುಡಕ್ಕೆ ಕಟ್ಟಿ ಹಾಕಿತ್ತು, ಗಟ್ಟಿ ಗಂಟು. ಮುಂದೆ ಅರ್ಧ ತಿಂದ ಕಣಿಕಿ. ಹಿಂದೆ ಸಗಣಿ, ಹಸಿಯದರ ಕೆಳಗೆ ಒಣಗಿ ಸಿಪ್ಪೆ ಕಟ್ಟಿದ್ದು. ಬೆಂಕಿಗೆ ಹೆದರಿ ಓಡಿ ಬಂದ ಎಮ್ಮೆ ತನ್ನನ್ನು ತಾನೇ ಕಟ್ಟಿಕೊಂಡು ಮೇವು ಹಾಕಿಕೊಳ್ಳುವುದಿಲ್ಲ. ಅದನ್ನು ಬೆಂಕಿಗೆ ಮೊದಲು, ಮೊನ್ನೆ ಹಗಲಲ್ಲೇ ಯಾರೋ ಅಲ್ಲಿಗೆ ತಂದಿದ್ದರು.

ನಿನ್ನೆ ನನಗೆ ಅದು ವಿಚಿತ್ರ ಅನಿಸಲಿಲ್ಲ. ಬೆಂಕಿಯಾದ ಮೇಲೆ ಯಾರೋ ಹಿಡಿದು ಕಟ್ಟಿರಬೇಕು ಅಂದುಕೊಂಡು ಬಿಚ್ಚಿ ತಂದೆ. ಒಣಗಿದ ಸಗಣಿ ಈಗ, ಈ ಕ್ಷಣ, ದುಂಡೇಶ ‘ಇದ ಗೂಟಕ್ಕ’ ಅಂದಾಗ ಕಣ್ಣ ಮುಂದೆ ಬಂತು.

ಮತ್ತೆ ಮೊನ್ನೆ ಬೆಳಿಗ್ಗೆ ಅಜ್ಜಿಯ ಚಹಾಕ್ಕೆ ಹಾಲು ತರಲು ಹೋದಾಗ ಅವನೇ ಅಂದದ್ದು: “ಇವತ್ತ ಹಾಲಿಲ್ಲ ತಂಗಿ. ಎಮ್ಮಿ ಗೂಟದ ಹತ್ರ ಬರವಲ್ದು. ಕಾಲಿಟ್ರ ಜಿಗೀತೈತಿ.”

ಆಗ ಕಂಬದಿಂದ ಅವನ ಶೆಡ್ಡಿಗೆ, ಕಣಿಕಿಯ ಮೇಲಿನಿಂದ, ಒಂದು ಕರಿ ತಂತಿ ಹೋಗಿತ್ತು. ಗೂಟಗಳ ಹತ್ತಿರ ಅದು ಜೋಲುಬಿದ್ದು ನೆಲಕ್ಕೆ ತಾಗುತ್ತಿತ್ತು; ಎಮ್ಮೆ ಜಿಗಿದದ್ದು ಅದರ ಕರೆಂಟಿಗೆ. ನಾನು ಕತ್ತೆತ್ತಿ ನೋಡಿದೆ. ಕಂಬದ ಮೇಲೆ ಕೊಕ್ಕೆ ಹಾಕಿದ ಗೀರು ಮಾತ್ರ ಇತ್ತು. ತಂತಿ ಬೂದಿಯಲ್ಲೂ ಇರಲಿಲ್ಲ, ಯಾರೋ ತೆಗೆದು ಬಚ್ಚಿಟ್ಟಿದ್ದರು.

“ಏನ ನೋಡಾಕತ್ತಿ?”

ಮೇಡಂ ನನ್ನ ಪಕ್ಕದಲ್ಲೇ ನಿಂತಿದ್ದರು. ದನಿ ತಗ್ಗಿಸಿ ಕೇಳಿದರು, “ನಿನ್ನೆ ದನಾ ಹಿಡಕೊಂಡು ಬಂದಾಕಿ ನೀನ ಅಂತಲ್ಲ. ಏನರ ಬ್ಯಾರೆ ಕಂಡಿತೇನು?”

ಹೇಳಬಹುದಿತ್ತು. ಎಮ್ಮೆಯ ಮಾತನ್ನಷ್ಟೇ ಹೇಳಿದರೆ ಸಾಕೇ? ಅವರು ಮುಂದಿನದನ್ನು ಕೇಳುತ್ತಾರೆ: ಎಮ್ಮೆ ಇಲ್ಲಿರಲಿಲ್ಲವೆಂದು ನಿನಗೆ ಹೇಗೆ ಗೊತ್ತು? ಎಲ್ಲ ದನದ ಕೊರಳಿಗೂ ಒಂದೇ ಸುತ್ತು ಇತ್ತು, ಅದಕ್ಕೆ ಮಾತ್ರ ಇರಲಿಲ್ಲ. ಯಾರ ಸುತ್ತು ಅದು? ಅಲ್ಲಿಗೆ ಬಂದು ನಿಲ್ಲುತ್ತದೆ. ಆ ಸುತ್ತುಗಳನ್ನು ನನ್ನ ಕೈಯಿಂದಲೇ ಬಿಚ್ಚಿ ಹಾಕಿದ್ದೇನೆ. ಈಗ ಅವು ಇರುವುದು ನನ್ನ ತಲೆಯೊಳಗೆ ಮಾತ್ರ.

“ಗೊತ್ತಿಲ್ರಿ,” ಅಂದೆ.

ಮೇಡಂ ನನ್ನ ಕೈಗೆ ನಾಲ್ಕು ಶೇಂಗಾ ಹಾಕಿ, ಸುಂದ್ರವ್ವನನ್ನು ಜೀಪಿಗೆ ಹತ್ತಿಸು ಎಂದು ಜೊತೆಗೆ ಬಂದ ಪೊಲೀಸಿನವನಿಗೆ ಹೇಳುತ್ತ ಹೊರಟುಹೋದರು.

ಅಪ್ಪ ನಮ್ಮ ಶೆಡ್ಡಿನ ಹಿಂದೆ ಹಗ್ಗ ಹೊಸೆಯುತ್ತ ಕೂತಿದ್ದ. ಯಾರ ದನಕ್ಕೆ ಎಂದು ನಾನು ಕೇಳಲಿಲ್ಲ.

“ಅಪ್ಪಾ.”

“ಚಾ ಆತೇನು?”

“ಸುಂದ್ರವ್ವನ್ನ ಒಯ್ಯತಾರಂತ.”

ಅವನ ಕೈ ನಿಂತಿತು. “ಒಯ್ಯಂಗಿಲ್ಲ ಬಿಡು. ಆಕಿ ಏನ ಮಾಡ್ಯಾಳ?”

“ದನಾ ಬಿಚ್ಚಿದವರ ಬೆಂಕಿ ಹಚ್ಯಾರ ಅನ್ನಾಕತ್ತಾರ.”

ಅಪ್ಪ ಹಗ್ಗವನ್ನು ಮಂಡಿಯ ಮೇಲಿಟ್ಟುಕೊಂಡು ಅದನ್ನೇ ನೋಡಿದ. ಬಲಗೈ ಬೆರಳುಗಳ ಮೇಲೆ ಬೊಬ್ಬೆ ಎದ್ದಿದ್ದವು. ಎರಡು ದಿನದಿಂದ ಅವನು ಆ ಕೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡೇ ಊಟ ಮಾಡಿದ್ದ.

“ಹೊಗಿ ಕಂಡ್ತು,” ಅಂದ. “ಕಣಿಕಿ ಬುಡಕ. ನಾ ಒದರಬೇಕು ಅಂತ ಬಾಯಿ ತಗದ್ನೆವಾ. ದನಿ ಬರಲಿಲ್ಲ.”

ನಾನು ಅವನ ಎದುರು ಕೂತೆ.

“ನಮ್ಮ ಸತ್ತ ಎತ್ತ ಕಂಡೂ ಕಣ್ಣಿಗೆ. ಗೂಟದಾಗ. ಕೈ ಅಷ್ಟ ಹೋತು. ಒಂದ ಬಿಚ್ಚಿದೆ, ಮತ್ತೊಂದ ಬಿಚ್ಚಿದೆ… ಮುದಕವ್ವ ಒಳಗ ಅದಾಳ ಅಂತ ನೆನಪಾಗಲಿಲ್ಲ. ದನಾ ಎಲ್ಲಾ ಹೋದ ಮ್ಯಾಲೆ ನೆನಪಾತು. ಅಷ್ಟರಾಗ ಆಕಿ ಶೆಡ್ಡಿನ ಬಾಗಲಾ ಉರದಿತ್ತು.”

“ಆಕಿನ್ನ ಹೊರಗ ತಂದಾಂವ ನೀನ ಅಲ್ಲ?”

“ತಡಾ ಮಾಡಿ ತಂದೆ.”

“ಅಪ್ಪಾ, ದುಂಡೇಶನ ಎಮ್ಮಿ?”

ಅವನು ಹುಬ್ಬು ಗಂಟಿಕ್ಕಿದ. ನೆನಪಿನಲ್ಲೇ ಗೂಟದಿಂದ ಗೂಟಕ್ಕೆ ನಡೆಯುತ್ತಿದ್ದ. “ಅದರ ಗೂಟ ಬರೇ ಇತ್ತಲಾ,” ಅಂದ ನಿಧಾನವಾಗಿ. “ಅಲ್ಲಿ ಕುಂತು ಕೈ ಆಡಸಿದೆ ನಾ. ಗಂಟ ಸಿಗಲಿಲ್ಲ.”

ರಸ್ತೆಯ ಕಡೆಯಿಂದ ಜೀಪು ಶುರುವಾದ ಸಪ್ಪಳ ಬಂತು.

ಜನ ಜೀಪಿನ ಸುತ್ತ ನೆರೆದಿದ್ದರು. ಮಾಲಿಂಗಪ್ಪ ಕಾಕಾ ಮೇಡಂ ಮುಂದೆ ಕೈಮುಗಿದು ನಿಂತಿದ್ದರು, ಸುಂದ್ರವ್ವನ ಪರವಾಗಿ ಎಂದುಕೊಂಡೆ. ಅಲ್ಲ.

“ಆಕಿನ್ನ ಒಯ್ದು ಈ ವಿಷಯ ಇಲ್ಲಿಗೆ ಮುಗಸ್ರಿ. ನಾಳೆ ಮನಿ ಕೊಡೂ ಸಾಹೇಬ್ರು ಬರಾವ್ರದಾರ. ಈ ಜನಾ ತಾವ ಬೆಂಕಿ ಹಚ್ಚಕೋತಾರ ಅಂದ್ರ ನಮ್ಮೆಲ್ಲಾರ ಮನೀನೂ ಹೋತು. ಒಬ್ಬಾಕಿ ಹೆಸರ ಹೋದ್ರ ಹೋಗ್ಲಿ.”

“ಕಾಕಾ, ನನ್ನ ಮುಂದ ನಿಂತು ಅನ್ನೂ ಮಾತೇನೋ ಇದು?” ಸುಂದ್ರವ್ವ ಅಂದಳು. ಬಾಯಿಯಲ್ಲಿ ಹಿಂದಿನ ಜೋರಿರಲಿಲ್ಲ. “ನಿನ್ನ ಮೊಮ್ಮಗನ್ನ ಜಳಕಾ ಮಾಡಿಸಿದ ಕೈ ಇವು.”

ಕಾಕಾ ಪಕ್ಕಕ್ಕೆ ಸರಿದು ಜೀಪಿಗೆ ದಾರಿ ಬಿಟ್ಟರು.

“ಕೇಳಿ ಬಿಟ್ಟ ಬಿಡತೇವಿ, ಹತ್ರಿ ಯವ್ವಾ,” ಎಂದ ಪೊಲೀಸಿನವನು. ಅವನಿಗೂ ಅದರಲ್ಲಿ ನಂಬಿಕೆ ಇದ್ದಂತೆ ಕಾಣಲಿಲ್ಲ. ಹೀಗೆ ಹೋದವಳ ಶೆಡ್ಡಿಗೆ ನಾಳೆ ಬೇರೆ ಯಾರೋ ಬರುತ್ತಾರೆ. ಮನೆ ಕೊಡುವಾಗ ಅವಳ ಹೆಸರು ಕೂಗುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ.

ದುಂಡೇಶ ಹಿಂದೆ ನಿಂತು ಜೇಬಿನಲ್ಲಿ ಕೈಯಿಟ್ಟುಕೊಂಡಿದ್ದ. ಅವನು ಸಂತೋಷದಲ್ಲಿದ್ದಂತೆ ಇರಲಿಲ್ಲ. ಬೆವರುತ್ತಿದ್ದ. ಜೀಪು ಬೇಗ ಹೋಗಲಿ ಎಂಬಂತೆ ಅದರ ಚಕ್ರವನ್ನೇ ನೋಡುತ್ತಿದ್ದ.

ಅಪ್ಪ ನನ್ನ ಹಿಂದೆಯೇ ಬಂದಿದ್ದ. ಜನರನ್ನು ಸರಿಸಿಕೊಂಡು ಮುಂದೆ ಹೋದ. ಮೇಡಂ ಮುಂದೆ ನಿಂತ. ಬಾಯಿ ತೆರೆದ.

ಗಂಟಲಮಣಿ ಏರಿತು, ಇಳಿಯಿತು. ಏನೂ ಬರಲಿಲ್ಲ.

“ಏನ್ರಿ ಯಜಮಾನ್ರ?” ಮೇಡಂ ಕೇಳಿದರು.

“ಅಂವ ಮಾತಾಡಾಂವ ಅಲ್ರಿ,” ಯಾರೋ ಅಂದರು. “ಎತ್ತ ಸತ್ತ ಮ್ಯಾಲೆ ಹಂಗ ಆಗ್ಯಾನ. ಬಾ ಸತ್ತೆಪ್ಪ, ಈ ಕಡೆ ಬಾ.” ತೋಳು ಹಿಡಿದು ಅವನನ್ನು ಪಕ್ಕಕ್ಕೆ ಎಳೆದರು, ಎಳೆದಂತೆ ಅವನು ಹೋದ.

ಸುಂದ್ರವ್ವ ಜೀಪಿನ ಮೆಟ್ಟಿಲಿಗೆ ಕಾಲಿಟ್ಟವಳು ಇಳಿದಳು. ತನ್ನ ಶೆಡ್ಡಿನ ಮುಂದೆ ಕಟ್ಟಿದ್ದ ಆಕಳ ಹತ್ತಿರ ಹೋದಳು. ಅದನ್ನು ಬಿಚ್ಚಿ, ಹಿಡಿದುಕೊಂಡು, ಅಷ್ಟು ಜನರ ನಡುವಿನಿಂದ ನೇರ ನನ್ನ ಮುಂದೆ ತಂದು ನಿಲ್ಲಿಸಿದಳು.

“ಹಿಡಕೋವಾ. ನೀ ಬೈಯಾಕಿ ಅಲ್ಲ, ಹೊಡ್ಯಾಕಿ ಅಲ್ಲ. ನಿನ್ನ ಹತ್ರ ಇರ್ಲಿ.” ಹಗ್ಗವನ್ನು ನನ್ನ ಅಂಗೈಯಲ್ಲಿಟ್ಟು ಮಡಚಿದಳು. “ನಾ ಬರೂದು ತಡಾ ಆದ್ರ ಮೇಯಾಕ ಬಿಡು. ಒಂದ ಜಾಗಾದಾಗ ಕಟ್ಟಿ ಹಾಕಬ್ಯಾಡ ಅದನ್ನ.”

ನಾನು ತಲೆಯಾಡಿಸಿದೆ. ಅಷ್ಟೇ ನನ್ನಿಂದ ಆದದ್ದು. ಅವಳು ತಿರುಗಿ ನಡೆದಳು. ಹರಿದ ಚಪ್ಪಲಿಗೆ ತಂತಿ ಕಟ್ಟಿಕೊಂಡಿದ್ದಳು, ಅದು ಕಲ್ಲಿಗೆ ಟಕ್ ಟಕ್ ಎನ್ನುತ್ತಿತ್ತು.

ಮೇಯಾಕ ಬಿಡು ಎಂದಿದ್ದಳಲ್ಲ. ಕೈಗಳು ತಮ್ಮ ಪಾಡಿಗೆ ಕೆಲಸ ಶುರುಮಾಡಿದವು. ಹಗ್ಗವನ್ನು ಕೊರಳಿಗೆ ಒಂದು ಸುತ್ತು. ಇನ್ನೊಂದು ಸುತ್ತು. ತುದಿಯನ್ನು ಕೆಳಗಿನಿಂದ ತೂರಿಸಿ ಎಡಗಿವಿಯ ಕೆಳಗೆ ಸಿಕ್ಕಿಸಿದೆ. ಆಕಳು ಕಿವಿ ಕೊಡವಿತು.

ತಲೆ ಎತ್ತಿದೆ. ಜೀಪಿನ ಬಾಗಿಲಲ್ಲಿ ನಿಂತ ಶೋಭಾ ಮೇಡಂ ನನ್ನ ಕೈಯನ್ನೇ ನೋಡುತ್ತಿದ್ದರು. ಆಚೆ ಬದಿಯಲ್ಲಿ ಅಪ್ಪನೂ ಅದನ್ನೇ ನೋಡುತ್ತಿದ್ದ. ಅವನ ಬಾಯಿ ಇನ್ನೂ ಅರ್ಧ ತೆರೆದಿತ್ತು. ಟವೆಲ್ಲಿನ ಕೆಳಗಿನಿಂದ ಸುಟ್ಟ ಕೈಯನ್ನು ಹೊರಗೆ ತೆಗೆದಿದ್ದ, ಯಾರಾದರೂ ನೋಡಲಿ ಎಂಬಂತೆ. ಯಾರೂ ನೋಡುತ್ತಿರಲಿಲ್ಲ.

“ಅನ್ನಪೂರ್ಣಾ,” ಮೇಡಂ ಕರೆದರು. “ಏನ ಅದು?”

ಗಂಟಲು ಮುಚ್ಚಿಕೊಂಡಿತು. ‘ಗೊತ್ತಿಲ್ರಿ’ ನಾಲಿಗೆಯ ತುದಿಗೆ ಬಂದು ಕೂತಿತು, ಪ್ರತಿ ಸಲದಂತೆ. ಡ್ರೈವರ್ ಗೇರು ಹಾಕಿದ. ಮೈಕು ಕಮಿಟಿಯ ಶೆಡ್ಡಿನೊಳಗೆ ಸುಟ್ಟು ಕರಗಿ ಬಿದ್ದಿತ್ತು. ಈಗ ಅದರ ಗಂಟಲೂ ಇರಲಿಲ್ಲ.

“ಗಾಡಿ ನಿಲ್ಲಸ್ರಿ!”

ಯಾರ ದನಿ ಎಂದು ಜನ ತಿರುಗಿದರು. ನಾನೂ ತಿರುಗುತ್ತಿದ್ದೆ, ಅಷ್ಟರಲ್ಲಿ ಅದು ನನ್ನದೆಂದು ಗೊತ್ತಾಯಿತು. ಆಕಳ ಕೊರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ದನಾ ಬಿಚ್ಚಿದಾಂವ ನಮ್ಮಪ್ಪ ರೀ, ಹೊಗಿ ಕಂಡ ಮ್ಯಾಲೆ. ಒಂದೂ ಬಿಡದ ಎಲ್ಲಾ ಬಿಚ್ಚ್ಯಾನ. ದುಂಡೇಶನ ಎಮ್ಮಿ ಮಾತ್ರ ಬಿಚ್ಚಿಲ್ಲ, ಯಾಕಂದ್ರ ಬೆಂಕಿ ಹತ್ತಿದಾಗ ಅದು ಅಲ್ಲಿ ಇರಲೇ ಇಲ್ಲ, ಕಾಲುವಿ ಆಚೆ ಕಟ್ಟಿತ್ತು. ಅದರ ಗೂಟದ ಹತ್ರ ಇಂವನ ತಂತಿ ಕರೆಂಟ ಹೊಡೀತಿತ್ತು ರೀ, ಅದು ಇಂವಗ ಗೊತ್ತಿತ್ತು.”